ಹುಷಾರು ಯಾರ ಹೊಣೆ?

"ಹುಷಾರಾಗಿ ಹೋಗಿ ಬಾರಪ್ಪ."

ರಾಂಪುರದಲ್ಲಿ ಮಗನನ್ನು ಬೆಂಗಳೂರಿನ ರಾತ್ರಿ ಬಸ್ಸು ಹತ್ತಿಸುವ ತಾಯಿ ಕೊನೆಗೆ ಹೇಳುವ ಮಾತು ಇದು. ಮೊಳಕಾಲ್ಮೂರು ಸೀಮೆಯ ಮಳೆಯನ್ನು ನಂಬುವ ಹಾಗಿಲ್ಲ. ಮಳೆ ಕೈಕೊಟ್ಟರೆ ಶೇಂಗಾ ಬೀಜದ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಹುಡುಗರು ಗಾರೆ ಕೆಲಸ, ಕಂಬಿ ಕಟ್ಟೋ ಕೆಲಸ, ಚರಂಡಿ ಕೆಲಸ ಅಂತ ಊರು ಬಿಡುತ್ತಾರೆ. ತಾಯಿಯ ಮಾತು ಪ್ರೀತಿಯದು, ಅದರ ಮೇಲೆ ನಮ್ಮ ತಕರಾರಿಲ್ಲ. ಆದರೆ ಅದೇ ಮಾತು ಮೇಸ್ತ್ರಿಯ ಬಾಯಲ್ಲಿ, ಕಂತ್ರಾಟುದಾರನ ಬಾಯಲ್ಲಿ ಬಂದಾಗ ಅರ್ಥವೇ ಬೇರೆಯಾಗುತ್ತದೆ. "ಹುಷಾರಾಗಿ ಇಳಿಯೋ" ಅಂದರೆ, ನೀನು ಸತ್ತರೆ ತಪ್ಪು ನಿಂದೇ ಅಂತ. ಹುಷಾರಾಗಿರಬೇಕಾದವರು ಯಾರು ಅನ್ನುವುದೇ ನಮ್ಮ ಪ್ರಶ್ನೆ.

ಗಾಯ ಹಣೆಬರಹವಲ್ಲ, ಅದನ್ನು ತಡೆಯಬಹುದು, ಇಡೀ ಸಮುದಾಯ ಸೇರಿ ತಡೆಯಬೇಕು ಎಂಬ ವಿಚಾರ ಇಂದು ಜಗತ್ತಿನಲ್ಲಿ ಬೆಳೆದಿದೆ. 1970ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಫಾಲ್‌ಷೋಪಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ಆಸ್ಪತ್ರೆಗೆ ಬಂದ ಗಾಯಗಳ ಲೆಕ್ಕ ಇಟ್ಟು, ಮನೆ, ರಸ್ತೆ, ಕಾರ್ಖಾನೆಗಳಲ್ಲಿ ಎಲ್ಲಿ ಏಕೆ ಗಾಯವಾಗುತ್ತದೆಂದು ಹುಡುಕಿ ಸರಿಮಾಡತೊಡಗಿದರು. 1989ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವಿಶ್ವ ಸಮ್ಮೇಳನ ಆರೋಗ್ಯ ಮತ್ತು ಸುರಕ್ಷತೆ ಎಲ್ಲ ಮನುಷ್ಯರ ಸಮಾನ ಹಕ್ಕು ಎಂದು ಸಾರಿತು. ಬೆಂಗಳೂರಿನಲ್ಲಿ 2007ರಲ್ಲಿ ನಿಮ್ಹಾನ್ಸ್ ಸಂಸ್ಥೆ ಆಸ್ಪತ್ರೆಗಳನ್ನೂ ಪೊಲೀಸರನ್ನೂ ಸೇರಿಸಿಕೊಂಡು ಗಾಯಗಳ ಲೆಕ್ಕ ಇಡುವ, ತಡೆಯುವ ಕಾರ್ಯಕ್ರಮ ಶುರುಮಾಡಿತು. 2016ರ ಜನವರಿಯಲ್ಲಿ ರಾಜ್ಯದಲ್ಲಿ ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಯಿತು.

ಇದನ್ನು ನಾವು ಎರಡೂ ಕೈಯಿಂದ ಸ್ವಾಗತಿಸುತ್ತೇವೆ. ಸಾವನ್ನು ಕರ್ಮದ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳುವ ಪುರೋಹಿತಶಾಹಿಯ ಬುಡಕ್ಕೆ ಇದು ಕೊಡಲಿ ಏಟು. ಆದರೆ ಆ ಒಂದು ಪದದ ಹತ್ತಿರ ನಾವು ನಿಲ್ಲಬೇಕಾಗುತ್ತದೆ. ಸಮುದಾಯ ಅಂದರೆ ಯಾರು?

ನಗರದ ಮ್ಯಾನ್‌ಹೋಲಿನ ಹತ್ತಿರ ಬನ್ನಿ. ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸತ್ತು ನಾತವೂ ತಿಳಿಯುವುದಿಲ್ಲ. ನಾತ ಹೋಯಿತು ಅಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಕೊಳಚೆ ಸಂಸ್ಕರಣಾ ತೊಟ್ಟಿಯಲ್ಲಿ ಮೂವರು ಸತ್ತರು. ಇಂಥ ಕಡೆ ಮೇಲಿನ ಮನೆಗಳಲ್ಲಿ ಇರುವವರು ಒಂದು ಸಮುದಾಯ. ಅವರಿಗೆ ಸಂಘವಿದೆ, ಸಭೆಯಿದೆ, ಬೇಡಿಕೆ ಪಟ್ಟಿಯಿದೆ. ಕೆಳಗೆ ಇಳಿಯುವವನು ಆ ವಾರ್ಡಿನ ಮತದಾರನೂ ಅಲ್ಲ. ಅವನ ಕೆಲಸ ಅವರ ಮನೆಯದು, ಅವನ ಜೀವ ಮಾತ್ರ ಅವರ ಲೆಕ್ಕಕ್ಕಿಲ್ಲ. ಜಾತಿ ಎನ್ನುವುದು ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಇಡುತ್ತದೆಂದು ಬಾಬಾಸಾಹೇಬರು ತೋರಿಸಿಕೊಟ್ಟರು. ಅಪಾಯವನ್ನೂ ಅದು ಹಾಗೆಯೇ ಹಂಚುತ್ತದೆ.

ಕಾನೂನು ಇಲ್ಲವೆಂದಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ಚರಂಡಿಯಲ್ಲಿ ಸತ್ತವನ ಮನೆಗೆ ಹತ್ತು ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸುವುದು ನಿಲ್ಲಬೇಕೆಂದು ಆದೇಶಿಸಿತು. ಆದರೆ 2013ರ ಕಾಯಿದೆಯೊಳಗೇ ಒಂದು ಕಿಂಡಿ ಇದೆ. ರಕ್ಷಣಾ ಸಾಮಗ್ರಿ ಕೊಡದೆ, ಸುರಕ್ಷತೆಯ ನಿಯಮ ಪಾಲಿಸದೆ ಇಳಿಸಿದರೆ ಮಾತ್ರ ಅದು "ಅಪಾಯಕಾರಿ ಸ್ವಚ್ಛತೆ". ಎಲ್ಲ ಕೊಟ್ಟಿದ್ದೇವೆ ಅಂದವರಿಗೆ ದಾರಿ ತೆರೆದೇ ಇದೆ.

ಸುರಕ್ಷತೆಯ ವಿಜ್ಞಾನ ಹೇಳುವ ಕ್ರಮ ಬೇರೆ. ಮೊದಲು ಅಪಾಯವನ್ನೇ ತೆಗೆ. ಆಗದಿದ್ದರೆ ಯಂತ್ರ ಇಡು. ಆಮೇಲೆ ಕೆಲಸದ ವಿಧಾನ ಬದಲಿಸು. ಇವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಕೆಲಸಗಾರನ ಮೈಮೇಲೆ ಬೆಲ್ಟು, ಮುಖವಾಡ. ನಮ್ಮಲ್ಲಿ ಈ ಏಣಿಯನ್ನು ತಲೆಕೆಳಗು ಮಾಡಿದ್ದಾರೆ. ಕೊನೆಯ ಮೆಟ್ಟಿಲೇ ಮೊದಲನೆಯದು, ಬಹಳ ಕಡೆ ಅದೂ ಇಲ್ಲ, ಬರೀ "ಹುಷಾರು". ಅಪಾಯವನ್ನು ಬದಲಿಸುವ ಅಧಿಕಾರ ಯಾರ ಕೈಲಿದೆಯೋ ಹುಷಾರಿನ ಹೊಣೆಯೂ ಅವರದೇ ಆಗಬೇಕು. ಅಧಿಕಾರ ಒಬ್ಬನಿಗೆ, ಎಚ್ಚರಿಕೆ ಇನ್ನೊಬ್ಬನಿಗೆ ಎಂದರೆ ಅದು ಸುರಕ್ಷತೆಯಲ್ಲ, ಊಳಿಗ.

"ನಿಮ್ಮೋರೇ ಬೆಲ್ಟು ಹಾಕ್ಕೊಳ್ಳಲ್ಲ, ಕುಡಿದು ಇಳೀತಾರೆ" ಅನ್ನುವವರಿದ್ದಾರೆ. ಹೌದು, ಕುಡಿಯುವವರಿದ್ದಾರೆ. ಆ ನಾತದೊಳಗೆ ಕುಡಿಯದೆ ಇಳಿದು ತೋರಿಸಿ ಎಂದು ಕೇಳಬಹುದು. ಆದರೆ ಅದಕ್ಕಿಂತ ಕಷ್ಟದ ಮಾತೊಂದನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ.

ಕೇರಿಗೆ ಹೆಣ ಬಂದಾಗ ನಾವೇನು ಅಂತೀವಿ? "ಏನ್ ಮಾಡಾದು, ಅವನ ಹಣೇಲಿ ಅಷ್ಟೇ ಬರೆದಿತ್ತು." ದುಡ್ಡು ಬಂದರೆ ಬಾಯಿ ಮುಚ್ಚುತ್ತೇವೆ. ಬಾರದಿದ್ದರೆ ನಾಲ್ಕು ದಿನ ಓಡಾಡಿ ಸುಸ್ತಾಗುತ್ತೇವೆ. ಕೈ ಮುರಿದುಕೊಂಡು, ಸೊಂಟ ಬಿದ್ದು ಬಂದವರೆಷ್ಟು ಎಂದು ನಮ್ಮ ಕೇರಿಯಲ್ಲೇ ಒಂದು ಪುಸ್ತಕ ಇಟ್ಟಿಲ್ಲ. ಇನ್ನೂ ಒಂದಿದೆ. "ನಾವು ಆ ಗುಂಡಿಗೆ ಇಳಿಯೋರಲ್ಲ" ಎಂದು ನಮಗಿಂತ ಕೆಳಗಿನವರ ಕಡೆ ಕೈ ತೋರಿಸುವ ಚಾಳಿ ನಮ್ಮಲ್ಲೂ ಐತೆ. ಅಪಾಯವನ್ನು ಕೆಳಕ್ಕೆ ದಾಟಿಸುವುದನ್ನು ನಾವು ಮೇಲಿನವರಿಂದಲೇ ಕಲಿತೆವು. ಕಲಿತದ್ದನ್ನು ಬಿಡಬೇಕು.

ನಮ್ಮ ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಅಶೋಕ ಕೆತ್ತಿಸಿದ ಶಾಸನಗಳಿವೆ. ಜೀವಿಗಳ ಮೇಲೆ ದಯೆ ಇರಲಿ ಎಂಬ ಮಾತು ಅಲ್ಲಿದೆ. ಸಾಧನೆ ದೊಡ್ಡವರಿಗಷ್ಟೇ ಅಲ್ಲ, ಪಟ್ಟುಹಿಡಿದರೆ ಸಣ್ಣವರಿಗೂ ಸಿಗುತ್ತದೆ ಎಂಬ ಮಾತೂ ಇದೆ. ದಯೆಯನ್ನು ಕೇಳಿಕೇಳಿ ನಮಗೆ ಸಾಕಾಗಿದೆ. ಎರಡನೆಯ ಮಾತನ್ನು ನಾವು ಹಿಡಿಯೋಣ.

ಅಪಾಯಕ್ಕೆ ಇಳಿಯುವವನು "ಇಳಿಯಲ್ಲ" ಎನ್ನಬಲ್ಲವನಾದಾಗ ಮಾತ್ರ ಅದು ಸಮುದಾಯ. ಹಾಗೆ ಅಂದವನಿಗೆ ಆ ದಿನದ ಕೂಲಿ ತಪ್ಪಬಾರದು, ಮರುದಿನದ ಕೆಲಸ ಹೋಗಬಾರದು. ಇದನ್ನು ನಗರದಿಂದ ಕೇಳುವುದು ನಮ್ಮ ಹಕ್ಕು. ಕೇಳಿದವನ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ. ಬಸ್ಸು ಹತ್ತಿಸುವಾಗ ಇನ್ನು ಮೇಲೆ ಇಷ್ಟು ಹೇಳೋಣ: "ಬಾವಿಯಂಥ ಗುಂಡಿ ತೋರಿಸಿ ಇಳಿ ಅಂದ್ರೆ ಇಳೀಬ್ಯಾಡ. ಊರಿಗೆ ಬಂದ್ಬಿಡು, ನಾವಿದೀವಿ." ಆ ಮಾತು ಸುಳ್ಳಾಗಬಾರದು ಅಂದರೆ, ಬರಿಗೈಲಿ ವಾಪಸು ಬಂದವನ ಮನೆಗೆ ಒಂದು ತಿಂಗಳ ರಾಗಿ ಹೊಂದಿಸುವ ಚೀಲವನ್ನು ಕೇರಿ ಇವತ್ತೇ ಕಟ್ಟಿಡಬೇಕು.