ಹೂಂಗುಟ್ಟುವವರು

ಮೊಮ್ಮಗುವಿಗೆ ಕೈತುತ್ತು ಹಾಕುತ್ತಾ ಅಜ್ಜಿ ಹೇಳುವ ಕಥೆಯಲ್ಲಿ ಯಾರಿಗೂ ಹೆಸರಿರುವುದಿಲ್ಲ. ಒಂದೂರು, ಅಲ್ಲೊಬ್ಬ ರಾಜ, ಅವನಿಗೆ ಮೂರು ಜನ ಹೆಣ್ಣುಮಕ್ಕಳು, ಅಷ್ಟೇ. ಕಂಸಾಳೆ ಹಿಡಿದ ದೇವರಗುಡ್ಡರು ಮಲೆ ಮಹದೇಶ್ವರನ ಕಥೆ ಎತ್ತಿಕೊಂಡರೆ ಹಾಗಲ್ಲ. ಅಲ್ಲಿ ಸಂಕಮ್ಮ, ನೀಲೇಗೌಡ, ಬೇವಿನಹಟ್ಟಿ ಕಾಳಮ್ಮ ಎಂದು ಎಲ್ಲರಿಗೂ ಹೆಸರುಂಟು, ಊರುಂಟು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಈ ವ್ಯತ್ಯಾಸವನ್ನು ಗಮನಿಸಿ, ಒಂದು ಮನೆಯೊಳಗಿನ ಕಥೆ, ಇನ್ನೊಂದು ಬಯಲಿನ ಕಥೆ ಎಂದು ವಿಂಗಡಿಸಿದ್ದರು. ಎರಡಕ್ಕೂ ಬೇಕಾದದ್ದು ಮಾತ್ರ ಒಂದಿದೆ. ಬಯಲಿನಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳಬೇಕು, ಮನೆಯಲ್ಲಿ ಮಗು ಹೂಂಗುಟ್ಟಬೇಕು. ‘ಹೂಂ’ ನಿಂತರೆ ಅಜ್ಜಿಯೂ ನಿಲ್ಲಿಸುತ್ತಾಳೆ.

ರಾಮಾನುಜನ್ 1991ರಲ್ಲಿ ಹೊರತಂದ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ಕನ್ನಡದ್ದೇ ಒಂದು ಕಥೆಯಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ತನ್ನಲ್ಲೇ ಇಟ್ಟುಕೊಂಡಿದ್ದಳು. ಒಳಗೆ ಉಸಿರು ಕಟ್ಟಿದ ಅವೆರಡೂ ಅವಳು ನಿದ್ದೆಹೋದಾಗ ಹೊರಬಿದ್ದವು. ಕಥೆ ಜೋಡಿ ಪಾದರಕ್ಷೆಯಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ‘ಯಾರು ಬಂದಿದ್ದಾರೆ?’ ಎಂದ. ಅವಳು ‘ಯಾರೂ ಇಲ್ಲ’ ಎಂದಳು. ಜಗಳವಾಗಿ ಅವನು ಕಂಬಳಿ ಎತ್ತಿಕೊಂಡು ಹನುಮಂತರಾಯನ ಗುಡಿಗೆ ಮಲಗಲು ಹೋದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಹರಟಲು ಆ ಗುಡಿಯಲ್ಲೇ ಸೇರುತ್ತಿದ್ದವು. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನೆಲ್ಲ ಹೇಳಿದ್ದು ಅವನ ಕಿವಿಗೆ ಬಿತ್ತು. ಬೆಳಗಾಗುತ್ತಲೇ ಓಡಿಬಂದು ಅವಳ ಕಥೆ, ಹಾಡಿನ ವಿಷಯ ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು.

ಗೊತ್ತಿದ್ದನ್ನು ಹಂಚಿಕೊಳ್ಳಬೇಕು ಎಂಬುದು ಇದರ ಪಾಠವೆಂದು ಹೇಳುವುದುಂಟು. ಸರಿಯೇ. ಆದರೆ ನನಗೆ ಆ ಹೆಂಗಸಿನ ಮೇಲೆ ತಪ್ಪು ಹೊರಿಸಲು ಮನಸ್ಸು ಬರುವುದಿಲ್ಲ. ಅಷ್ಟು ದಿನದ ಸಂಸಾರದಲ್ಲಿ ‘ನಿನಗೊಂದು ಕಥೆ ಬರುತ್ತದಾ?’ ಎಂದು ಗಂಡ ಮೊದಲ ಸಲ ಕೇಳಿದ್ದು ಆ ಬೆಳಿಗ್ಗೆ. ಹೂಂಗುಟ್ಟುವವರೇ ಇಲ್ಲದ ಮನೆಯಲ್ಲಿ ಅವಳು ಯಾರಿಗೆ ಹೇಳಬೇಕಿತ್ತು?

ನಮ್ಮ ಮನೆಗಳಲ್ಲೂ ಅಂಥವರಿದ್ದಾರೆ. ಔಷಧ ತಗೊಂಡ್ರಾ, ಊಟ ಆಯ್ತಾ ಎಂದು ನಾವು ಅವರನ್ನು ವಿಚಾರಿಸುವುದು ತಪ್ಪುವುದಿಲ್ಲ. ನಿಮ್ಮ ಅಜ್ಜಿ ಯಾವ ಕಥೆ ಹೇಳ್ತಿದ್ರು ಎಂದು ಕೇಳುವುದು ಕಡಿಮೆ. ಕೇಳಿದರೆ ‘ನಂಗೇನು ಬರುತ್ತೆ, ಎಲ್ಲ ಮರೆತೋಯ್ತು’ ಅನ್ನಬಹುದು. ಮೊದಲ ಸಲ ಹೆಚ್ಚಿನವರು ಹಾಗೇ ಅನ್ನುತ್ತಾರೆ. ಅವರೆಕಾಯಿ ಸುಲಿಯುವಾಗಲೋ ಸೊಪ್ಪು ಸೋಸುವಾಗಲೋ ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಇನ್ನೊಮ್ಮೆ ಕೇಳೋಣ. ಕಥೆ ಅರ್ಧಕ್ಕೇ ನಿಂತರೂ ಚಿಂತೆಯಿಲ್ಲ. ಉಳಿದದ್ದು ಅವರ ತಂಗಿಗೋ ನಾದಿನಿಗೋ ಗೊತ್ತಿರಬಹುದು, ಫೋನು ಹಚ್ಚಿ ಕೊಡೋಣ.