ಫಾರ್ಮಿನಲ್ಲಿ ಬರೆಯದ ಮಾತ್ರೆ

ಪೆರುವಿನ ಇಕಿಟೋಸ್ ಕಡೆ ಅಯಾಹುವಾಸ್ಕಾ ಕಷಾಯ ಕುಡಿಯೋಕೆ ಶಿಬಿರಕ್ಕೆ ಹೋಗುವವರಲ್ಲಿ ಖಿನ್ನತೆಯಿಂದ ಬಳಲಿದವರೂ ಇರ್ತಾರೆ. ಆದರೆ ಫಾರ್ಮಿನಲ್ಲಿ ಖಿನ್ನತೆಯ ಮಾತ್ರೆ ಅಂತ ಬರೆದರೆ ಸೀಟು ಸಿಗದೇ ಹೋಗಬಹುದು. ಬೇಕಾದವರಿಗೇ ಬಾಗಿಲು ಮುಚ್ಚಿದ ಹಾಗೆ. ಬಚ್ಚಿಟ್ಟರೆ ಏನಾಯ್ತು, ನನ್ನ ಮೈ, ನನ್ನ ರಿಸ್ಕ್ ಅಂತ ವಾದಿಸಬಹುದು.

ರಿಸ್ಕ್ ಏನು ಅಂತ ನೋಡಿ. ಚಕ್ರುನಾ ಎಲೆಯ ಡಿಎಂಟಿಯನ್ನು ಕರುಳಿನ ಎಂಎಒ ಕಿಣ್ವ ಒಡೆದುಹಾಕುತ್ತೆ. ಅದಕ್ಕೇ ಜೊತೆಗೆ ಕುದಿಸೋ ಬಳ್ಳಿಯ ಹಾರ್ಮಿನ್ ಆ ಕಿಣ್ವವನ್ನು ತಡೆಯುತ್ತೆ. ಸೆರೊಟೋನಿನ್ ಒಡೆಯೋದೂ ಅದೇ ಕಿಣ್ವ. ಮೈಯಲ್ಲಿ ಎಸ್‌ಎಸ್‌ಆರ್‌ಐ ಮಾತ್ರೆಯೂ ಇದ್ದರೆ ಸೆರೊಟೋನಿನ್ ಮಿತಿಮೀರಿ ಜ್ವರ, ನಡುಕ, ಫಿಟ್ಸ್, ಸಾವಿನವರೆಗೂ ಹೋಗಬಹುದು. ಫ್ಲೂಆಕ್ಸೆಟೀನ್ ಅಂತೂ ನಿಲ್ಲಿಸಿದ ಮೇಲೂ ಸುಮಾರು 5 ವಾರ ಮೈಯಲ್ಲಿ ಉಳಿಯುತ್ತೆ. ಹಾಗಂತ ಡಾಕ್ಟರಿಗೆ ಹೇಳದೆ ನಾವೇ ಬಿಟ್ಟರೆ ಹಳೇ ಖಿನ್ನತೆ ವಾಪಸ್ ಬರಬಹುದು, ಅದೂ ಕಾಡಿನ ಮಧ್ಯೆ. (‘ಮಾತ್ರೆ ಬಿಟ್ಟು ಬನ್ನಿ’ ಅಂತ ಒಂದೇ ಸಾಲಲ್ಲಿ ಮುಗಿಸೋ ಶಿಬಿರದವರನ್ನು ನಾನಂತೂ ನಂಬಲ್ಲ.)

ಇಷ್ಟೂ ನನ್ನ ಮೈಗೇ ಅನ್ನೋಣ. ಬಟ್ಟಲು ಕೊಡೋ ಕೈ ಮಾತ್ರ ಬೇರೆಯವರದು. ಅಲ್ಲಿನ ವೈದ್ಯ, ಕುರಾಂಡೆರೊ, ಔಷಧಿ ಅಂತಲೇ ಕೊಡ್ತಾನೆ. ನನ್ನ ಸುಳ್ಳಿನಿಂದ ಅವನು ಗೊತ್ತಿಲ್ಲದೆ ವಿಷ ಕೊಟ್ಟವನಾಗ್ತಾನೆ. ಆ ರಿಸ್ಕಿಗೆ ಅವನು ಒಪ್ಪಿರಲಿಲ್ಲ. ಮಾತ್ರೆಯ ಹೆಸರು, ಡೋಸು, ಕೊನೇ ಸಲ ತಗೊಂಡ ತಾರೀಖು ಬರೆದು ಸೀಟು ತಪ್ಪಿದರೆ, ಟಿಕೆಟ್ ದುಡ್ಡು ಹೋಯ್ತು, ಅಷ್ಟೇ.