ಹಳೆಯ ಕಾರು ಮತ್ತು ಉಳಿತಾಯದ ಲೆಕ್ಕ

ಮಿತವ್ಯಯವು ಗೃಹಸ್ಥನಿಗೆ ಶೋಭೆ ತರುವ ಗುಣವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಮಿತವ್ಯಯ ಎಲ್ಲಿ ಮುಗಿಯುತ್ತದೆ, ಲೋಭ ಎಲ್ಲಿ ಆರಂಭವಾಗುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಇಂದು ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಕಾರು ಕೊಳ್ಳುವ ಸಂದರ್ಭದಲ್ಲಿ. ಹೊಸದನ್ನು ಕೊಳ್ಳುವ ಶಕ್ತಿಯಿದ್ದರೂ ಹಳೆಯದನ್ನು ಕೊಳ್ಳುವವನನ್ನು ಕೆಲವರು ವಿವೇಕಿಯೆನ್ನುತ್ತಾರೆ, ಕೆಲವರು ಜುಗ್ಗನೆನ್ನುತ್ತಾರೆ. ಮದುವೆಯ ಛತ್ರದ ಮುಂದೆ ನಿಂತ ವಾಹನಗಳನ್ನು ನೋಡಿ ಮನೆತನದ ಅಂತಸ್ತನ್ನು ಅಳೆಯುವ ನೆಂಟರು ಯಾವ ಊರಿನಲ್ಲಿ ಇಲ್ಲ?

ಮೊದಲು ಲೆಕ್ಕವನ್ನೇ ನೋಡಬೇಕು. ವಿಮಾ ಕಂಪನಿಗಳು ದೀರ್ಘಕಾಲದಿಂದ ಅನುಸರಿಸಿಕೊಂಡು ಬಂದ ಪಟ್ಟಿಯಂತೆ ಹೊಸ ಕಾರಿನ ಮೌಲ್ಯ ಮೊದಲ ವರ್ಷದ ಕೊನೆಗೆ ಶೇಕಡಾ 15ರಷ್ಟು, ಮೂರನೆಯ ವರ್ಷಕ್ಕೆ 30ರಷ್ಟು, ಐದನೆಯ ವರ್ಷಕ್ಕೆ 50ರಷ್ಟು ಇಳಿಯುತ್ತದೆ. ಯಂತ್ರವಾದರೋ ಅರ್ಧ ಸವೆದಿರುವುದಿಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿಯ ಅವಧಿ 15 ವರ್ಷ. ಆರು ಲಕ್ಷಕ್ಕೆ ಹೊಸ ಕಾರು ಕೊಂಡವನು ಐದು ವರ್ಷಗಳಲ್ಲಿ ಮೂರು ಲಕ್ಷ ಕಳೆದುಕೊಂಡರೆ ವರ್ಷಕ್ಕೆ 60,000 ರೂಪಾಯಿಯಾಯಿತು. ಅದನ್ನೇ ಮೂರು ಲಕ್ಷಕ್ಕೆ ಕೊಂಡು, ಮತ್ತೆ ಐದು ವರ್ಷ ಓಡಿಸಿ 1,20,000ಕ್ಕೆ ಮಾರಿದವನಿಗೆ ವರ್ಷಕ್ಕೆ 36,000 ಬೀಳುತ್ತದೆ. ರಿಪೇರಿಗೆಂದು ವರ್ಷಕ್ಕೆ 12,000 ಹೆಚ್ಚಾಗಿ ಹಿಡಿದರೂ ಅಷ್ಟೇ ಮೊತ್ತ ಉಳಿಯುತ್ತದೆ. ಐದು ವರ್ಷಕ್ಕೆ 60,000. ತೊಡಗಿಸದೆ ಉಳಿದ ಮೂರು ಲಕ್ಷದ ಬಡ್ಡಿ ಬೇರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800, ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಮೊದಲು ಬಂದದ್ದು ಎರಡನೆಯ ಕೈಯಿಂದಲೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಈ ಲೆಕ್ಕವನ್ನು ಇನ್ನಷ್ಟು ಲಾಭದಾಯಕವಾಗಿಸುವ ಹಂಬಲದಲ್ಲಿಯೇ ದೋಷ ಹೊಕ್ಕುತ್ತದೆ. ಸವೆದ ಟೈರು ಇನ್ನೊಂದು ಮಳೆಗಾಲ ಬರಲಿ ಎನ್ನುವುದು, ಮೂರನೆಯವರ ಹಾನಿಗೆ ಕಾನೂನು ಕಡ್ಡಾಯ ಮಾಡಿರುವ ವಿಮೆಯನ್ನು ತಪ್ಪಿಸುವುದು, ಹೊಗೆಯುಗುಳುವ ಎಂಜಿನ್ನನ್ನು ಹಾಗೆಯೇ ಓಡಿಸುವುದು: ಇಲ್ಲಿ ಉಳಿಸಿಕೊಳ್ಳುವವನು ಒಬ್ಬ, ತೆರುವವನು ದಾರಿಹೋಕ. ನೋಂದಣಿಯನ್ನು ಬದಲಾಯಿಸದೆ ಬಿಡುವವರೂ ಇದ್ದಾರೆ. ಹಾಗೆ ಕೈಯಿಂದ ಕೈಗೆ ಸಾಗಿದ ಕಾರೊಂದು ಅಪಘಾತವೆಸಗಿದಾಗ, ದಾಖಲೆಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು.

ಹಳೆಯ ಕಾರು ಕೊಂಡ ಮಾತ್ರಕ್ಕೆ ಅಪರಿಗ್ರಹ ಸಾಧಿಸಿದಂತೆ ಬೀಗುವುದೂ ಸಲ್ಲದು. ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನ ಬೆಲೆಯಿಂದಲ್ಲ, ಅದರ ಮೇಲಿನ ಮೂರ್ಛೆಯಿಂದ. ಅಗ್ಗವಾಯಿತೆಂದು ಮೂರು ಕಾರುಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡವನು ತನ್ನ ಪರಿಗ್ರಹಪರಿಮಾಣವನ್ನು ಹಣದಲ್ಲಿ ಎಣಿಸುವನೋ, ವಸ್ತುಗಳಲ್ಲಿ ಎಣಿಸುವನೋ?

ನಿಜವಾದ ಪರೀಕ್ಷೆ ಎದುರಾಗುವುದು ಕೊಳ್ಳುವಾಗ ಅಲ್ಲ, ಮಾರುವಾಗ. ಓಡಿದ ಕಿಲೋಮೀಟರನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಸ್ಪಷ್ಟ ವಂಚನೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಹೇಳಿರುವುದು ಇಂಥದ್ದನ್ನೇ. ಅದರ ಬಗ್ಗೆ ಚರ್ಚೆ ಬೇಕಿಲ್ಲ. ಕಷ್ಟವಿರುವುದು ಮೌನದಲ್ಲಿ. ಕಾರು ಹಿಂದೊಮ್ಮೆ ಗುದ್ದಿಸಿಕೊಂಡು ಚಾಸಿಗೆ ಬೆಸುಗೆ ಹಾಕಿಸಿಕೊಂಡಿದೆ. ಕೊಳ್ಳಬಂದವನು ಅದನ್ನು ಕೇಳಲಿಲ್ಲ. ಮಾರುವವನು ಸುಳ್ಳನ್ನೂ ಹೇಳಲಿಲ್ಲ. ಇದು ದೋಷವೇ?

ವಾಣಿಜ್ಯ ಶಾಸ್ತ್ರ ಓದಿದವರಿಗೆ 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ಪರಿಚಿತ. ಬರಿಯ ಮೌನ ಸಾಮಾನ್ಯವಾಗಿ ವಂಚನೆಯಾಗದು ಎಂಬುದು ಅದರ ತಾತ್ಪರ್ಯ. ಉದಾಹರಣೆ ಅಲ್ಲಿಯೇ ಇದೆ: ಒಬ್ಬನು ರೋಗವಿರುವ ಕುದುರೆಯನ್ನು, ಅದು ತಿಳಿದಿದ್ದೂ ಏನೂ ಹೇಳದೆ, ಹರಾಜಿನಲ್ಲಿ ಮಾರುತ್ತಾನೆ, ಅದು ವಂಚನೆಯಲ್ಲ. ಮರು ಉದಾಹರಣೆಯಲ್ಲಿ ಕೊಳ್ಳುವವಳು ಆಗತಾನೆ ಪ್ರಾಪ್ತ ವಯಸ್ಕಳಾದ ಅವನ ಮಗಳು. ಆಗ ಆ ಸಂಬಂಧದಿಂದಾಗಿಯೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಕುದುರೆ ಅದೇ, ರೋಗ ಅದೇ, ಮೌನವೂ ಅದೇ. ಬದಲಾದದ್ದು ಎದುರಿಗಿರುವ ಮುಖ ಮಾತ್ರ. ಕಾನೂನನ್ನು ಇದಕ್ಕಾಗಿ ಹಳಿಯಬೇಕಿಲ್ಲ, ಎಲ್ಲರನ್ನೂ ತಂದೆಯಂತೆ ವರ್ತಿಸಿರೆಂದು ನ್ಯಾಯಾಲಯ ಆಜ್ಞಾಪಿಸಲಾರದು. ವ್ರತವಾದರೋ ಸ್ವಂತ ಮಗಳು, ಪರರ ಮಗಳು ಎಂಬ ಭೇದವನ್ನು ಮಾಡುವುದಿಲ್ಲ. ಆ ಬೆಸುಗೆಯ ಮೇಲೆ ನಾಳೆ ಹಿಂದಿನ ಸೀಟಿನಲ್ಲಿ ಕುಳಿತು ಶಾಲೆಗೆ ಹೋಗುವ ಮಕ್ಕಳು ಯಾರದೋ ಮಕ್ಕಳು.

“ಕೊಳ್ಳುವವನು ತನ್ನ ಮೆಕ್ಯಾನಿಕನನ್ನು ಕರೆತರಲಿ, ನೋಡಿಕೊಳ್ಳಲಿ” ಎಂಬುದು ಪೇಟೆಯ ಮಾತು. ಕರೆತರಲಿ, ತಪ್ಪಿಲ್ಲ. ಆದರೆ ಮೆಕ್ಯಾನಿಕನಿಗೆ ಸಿಗುವುದು ಅರ್ಧ ಗಂಟೆ. ಮಾರುವವನಿಗೆ ಐದು ವರ್ಷದ ಪರಿಚಯವಿದೆ. ತಾನಾಗಿಯೇ ಹೇಳಿದರೆ ಬೆಲೆ ಇಳಿಯುತ್ತದೆ, ಒಂದು ವ್ಯವಹಾರದಲ್ಲಿ 25,000 ರೂಪಾಯಿ ಹೋಗಬಹುದು. ಹೋದರೆ ಅದನ್ನು ನಷ್ಟದ ಬಾಬಿಗೆ ಬರೆಯದೆ, ಕಾರಿನ ಖರ್ಚಿನ ಬಾಬಿಗೇ ಬರೆಯಬೇಕು. ಗುದ್ದಿದ ದಿನವೇ ಆ ಹಣ ಹೋಗಿತ್ತು. ಮೇಲೆ ಕಾಣಿಸಿದ 60,000ದಲ್ಲಿ ಅದನ್ನು ಕಳೆದರೂ, ಹಳೆಯ ಕಾರು ಕೊಂಡವನ ಕೈಯಲ್ಲಿ ಇನ್ನೂ 35,000 ಉಳಿದಿರುತ್ತದೆ.